ಏಳು ಇಲಿಗಳ ಹಾಡು

ಆ ದಿನ ಹನ್ನೊಂದು ಗಂಟೆಗೆ ಕೋಟೆ ತೋರಿಸುವ ಸುತ್ತಿಗೆಂದು ನಾನು ಇಪ್ಪತ್ತಾರು ಟಿಕೆಟ್ ಹರಿದಿದ್ದೆ. ಜುಲೈ ತಿಂಗಳು, ಶಾಲೆಗಳಿಗೆ ರಜೆ. ನಮ್ಮ ಹವ್ರಾನ್ ಕೋಟೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹನ್ನೊಂದರ ಸುತ್ತು ಮಕ್ಕಳನ್ನು ಕರೆತರುವವರಿಗೆಂದೇ ಮೀಸಲು. ಅದನ್ನು ನಡೆಸುತ್ತಿದ್ದವಳು ನನ್ನ ಗೆಳತಿ ವೆಂದುಲ.

ನಲವತ್ತೆಂಟು ವರ್ಷದ ವೆಂದುಲ ಕೋಟೆಯ ದೆವ್ವದ ವೇಷ ಹಾಕುತ್ತಿದ್ದಳು. ಬಿಳಿ ನಿಲುವಂಗಿ, ತಲೆಯಿಂದ ಇಳಿಬಿಟ್ಟ ಬಿಳಿ ಪರದೆ, ಮುಖಕ್ಕೆ ದಪ್ಪಗೆ ಪೌಡರು. ಇಪ್ಪತ್ತೆರಡು ವರ್ಷಗಳಿಂದ ಅದೇ ವೇಷ, ಅದೇ ಮಾತು. ಆದರೂ ಮಕ್ಕಳು ನಗುವಾಗ ಅವಳೂ ಮೊದಲ ಸಲ ಕೇಳಿದವಳಂತೆ ನಗುತ್ತಿದ್ದಳು. ಗೋಡೆಯಿಂದ ಹೊರಚಾಚಿದ ಕಲ್ಲಿನ ಗೂಡೊಂದನ್ನು ತೋರಿಸಿ, "ಅದೇನು ಹೇಳಿ ನೋಡೋಣ?" ಅನ್ನುವಳು.

"ಬಾಲ್ಕನಿ!" ಎಂದು ಯಾವುದಾದರೂ ಮಗು ಕೂಗುತ್ತಿತ್ತು.

"ಬಾಲ್ಕನಿ ಅಂದ್ಕೊಂಡು ಕೆಳಗೆ ನಿಂತು ಬಾಯ್ಬಿಟ್ಟುಕೊಂಡು ಮೇಲೆ ನೋಡೀರಿ ಮತ್ತೆ! ಅದು ದೊರೆಯ ಕಕ್ಕಸು."

ಅಲ್ಲಿಂದ ಮುಂದೆ ಮಕ್ಕಳು ಅವಳ ಬೆನ್ನು ಬಿಡುತ್ತಿರಲಿಲ್ಲ.

ಸುತ್ತಿನ ಕೊನೆಯ ಆಟ ಗೋಪುರದ ಬುಡದಲ್ಲಿ. ಅಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಹಿಂದೆ ಕೈದಿಗಳನ್ನು ಅಲ್ಲಿಗೆ ತಳ್ಳಿ ಅನ್ನನೀರು ಕೊಡದೆ ಕೊಲ್ಲುತ್ತಿದ್ದರಂತೆ, ಅದಕ್ಕೇ ಅದರ ಹೆಸರು ಹಸಿವಿನ ಸೆರೆ. ಧೈರ್ಯವಿದ್ದ ಮಕ್ಕಳು ಒಳಗೆ ಹೋಗಬೇಕು. ವೆಂದುಲ ಬಾಗಿಲು ಹಾಕಿ, ಹೊರಗೆ ನಿಂತು ಇಲಿಗಳ ಹಾಡು ಹೇಳುವಳು. ಹಾಡು ಮುಗಿಯುವ ಹೊತ್ತಿಗೆ ಬಾಗಿಲು ತೆರೆಯುವಳು. ಒಂದು ನಿಮಿಷವೂ ಆಗದು. ಮಕ್ಕಳು ಕಿರುಚುತ್ತ ಹೊರಗೆ ಉರುಳಿ ಬಂದು, ಶುಂಠಿ ಬಿಸ್ಕತ್ತು ಇಸಿದುಕೊಂಡು, "ಇನ್ನೊಂದ್ಸಲ!" ಎಂದು ಹಟ ಹಿಡಿಯುತ್ತಿದ್ದವು.

ಆ ದಿನದ ಗುಂಪಿನಲ್ಲಿ ಚೌಕಳಿ ಅಂಗಿ ತೊಟ್ಟ ಎತ್ತರದ ಮುದುಕರೊಬ್ಬರಿದ್ದರು. ಹೆಸರು ಯಾರೊಮಿರ್ ಸ್ಲಾವಿಕ್, ವಯಸ್ಸು ಅರವತ್ತೆಂಟು. ಇವೆಲ್ಲ ನನಗೆ ಆಮೇಲೆ ತಿಳಿದದ್ದು. ನನ್ನ ಟಿಕೆಟ್ ಕಿಟಕಿಯ ಬಳಿ ಬಂದಾಗ ಕಂಡದ್ದು, ಮೊಮ್ಮಗಳ ಕೈ ಹಿಡಿದು ನಿಂತ ಒಬ್ಬ ತಾತ, ಅಷ್ಟೇ.

"ಎಲ್ಲಾ ಕಡೆ ಕರ್ಕೊಂಡು ಹೋಗ್ತಾರಾ?" ಎಂದು ಕೇಳಿದರು. "ಗೋಪುರದ ಕೆಳಗೂ?"

"ಮಕ್ಕಳು ಬರೋದೇ ಅದಕ್ಕೆ ಅಲ್ವಾ," ಎಂದೆ.

ಮೊಮ್ಮಗಳು ಅನೆಷ್ಕಳಿಗೆ ಆರು ವರ್ಷ. ತಲೆಯ ಮೇಲೆ ರಟ್ಟಿನ ಕಿರೀಟ. "ತಾತ, ನಿಂಗೆ ಭಯಾನಾ? ನನ್ನ ಕ್ಲಾಸಿನವರೆಲ್ಲಾ ಬಂದು ಹೋಗಿದಾರೆ, ಗೊತ್ತಾ?" ಎಂದಳು. ಅವರು ಟಿಕೆಟ್ ತೆಗೆದುಕೊಂಡು ಅಂಗಿಯ ಜೇಬಿನಲ್ಲಿಟ್ಟರು.

ನನ್ನ ಕಿಟಕಿಯಿಂದ ಗೋಪುರದ ಬಾಗಿಲು ನೇರ ಕಾಣುತ್ತದೆ. ಮುಕ್ಕಾಲು ಗಂಟೆಯ ಬಳಿಕ ಗುಂಪು ಅಲ್ಲಿಗೆ ಬಂತು. ಏಳು ಮಕ್ಕಳು ಒಳಗೆ ಹೋದವು, ಅವರಲ್ಲಿ ಅನೆಷ್ಕಳೂ ಒಬ್ಬಳು. ವೆಂದುಲ ಬಾಗಿಲು ಮುಚ್ಚಿ ಅಗುಳಿ ಎಳೆದು ಹಾಡಲು ತೊಡಗಿದಳು.

"ಒಂದನೆ ಇಲಿ ಬಿಲದೊಳಗೆ,
ಎರಡನೆ ಇಲಿ ಗೋಡೆಯೊಳಗೆ,
ಮೂರನೆ ಇಲಿ ಎಲ್ಲಿ ಹೋಯ್ತು?
ಬೆಣ್ಣೆ ಕದ್ದು ಅಡಗಿ ಹೋಯ್ತು..."

ಇಷ್ಟಾಗುವಷ್ಟರಲ್ಲಿ ಒಂದು ಕೂಗು ಕೇಳಿತು. ಮನುಷ್ಯರ ಕೂಗಿನಂತೆ ಇರಲಿಲ್ಲ ಅದು. ತಲೆಯೆತ್ತಿ ನೋಡಿದರೆ ಆ ಮುದುಕರು ಜನರನ್ನು ಇಬ್ಬದಿಗೂ ನೂಕಿಕೊಂಡು ನುಗ್ಗುತ್ತಿದ್ದರು. ಅವರು ತಳ್ಳಿದ ರಭಸಕ್ಕೆ ವೆಂದುಲ ಕಲ್ಲುಹಾಸಿನ ಮೇಲೆ ಬಿದ್ದಳು. ಪರದೆ ಅವರ ಬೂಟಿಗೆ ಸಿಕ್ಕಿ ಪರ್‍ರೆಂದು ಹರಿಯಿತು. ಅಗುಳಿಯನ್ನು ಎರಡೂ ಕೈಯಿಂದ ಎಳೆದು ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದರು.

"ಹೊರಗೆ ಬನ್ನಿ! ಹೊರಗೆ ಬನ್ನಿ ಎಲ್ಲಾ!"

ಮಕ್ಕಳು ಹೆದರಿ ಬಿಕ್ಕುತ್ತ ಬಂದವು. ಅವರು ಒಂದೊಂದು ಮಗುವಿನ ತಲೆ ಮುಟ್ಟಿ ಎಣಿಸುತ್ತಿದ್ದರು. "ನಾಲ್ಕು, ಐದು, ಆರು..." ಏಳನೆಯದು ಅನೆಷ್ಕ. ಬಾಗಿಲ ಮರೆಯಲ್ಲಿ ಕಿರೀಟ ಹುಡುಕುತ್ತ ನಿಂತಿದ್ದಳು. ಅವಳು ಕಾಣದೆ ಹೋದ ಆ ಅರೆಕ್ಷಣದಲ್ಲಿ ಅವರ ಮುಖ ಹೇಗಾಯಿತೆಂದು ಹೇಳಲು ನನ್ನಿಂದ ಆಗದು. ಅವಳು ಹೊರಗೆ ಬಂದದ್ದೇ ಗೋಡೆಗೆ ಒರಗಿ ಹಾಗೇ ಜಾರಿ ಕುಳಿತುಬಿಟ್ಟರು.

"ಕುಡ್ಕೊಂಡು ಬಂದಿದಾನೆ ಮುದುಕ!" ಎಂದು ಒಬ್ಬ ತಂದೆ ಅರಚಿದ. "ನನ್ನ ಮಗು ಹೆದರಿ ಸಾಯ್ತಿತ್ತು! ಪೊಲೀಸಿನೋರ್ನ ಕರೀರಿ!"

"ಕರೀಬೇಡಿ," ಎಂದಳು ವೆಂದುಲ. ಬಿದ್ದಲ್ಲೇ ಕುಳಿತು ಮಣಿಕಟ್ಟು ಹಿಡಿದುಕೊಂಡಿದ್ದಳು. ಅವಳ ದೃಷ್ಟಿಯೆಲ್ಲ ಆ ಮುದುಕರ ಕೈಗಳ ಮೇಲಿತ್ತು. ಅವು ಅನೆಷ್ಕಳ ತೋಳನ್ನು ಗಟ್ಟಿಯಾಗಿ ಹಿಡಿದಿದ್ದವು.

ಕೋಟೆಯ ಮೇಲ್ವಿಚಾರಕರು ಓಡಿಬಂದು ಎಲ್ಲರ ಕ್ಷಮೆ ಕೇಳಿದರು. ಅನೆಷ್ಕಳನ್ನು ತಮ್ಮ ನಾಯಿಯ ಜೊತೆ ಆಡಲು ಬಿಟ್ಟರು. ನಾನು ಕಿಟಕಿ ಮುಚ್ಚಿ, ಮುದುಕರನ್ನೂ ವೆಂದುಲಳನ್ನೂ ಟಿಕೆಟ್ ಕೋಣೆಯೊಳಗೆ ಕೂರಿಸಿ, ಚಹಾ ಮಾಡಿ, ಎರಡೆರಡು ಚಮಚ ರಮ್ ಬೆರೆಸಿದೆ. ಯಾರೊಮಿರ್ ಕುಡಿಯಲಿಲ್ಲ.

"ಆ ಹಾಡು ನಿಮಗೆ ಯಾರು ಹೇಳಿಕೊಟ್ಟರು?" ಎಂದು ಕೇಳಿದರು.

"ಯಾವ್ದು, ಇಲಿ ಹಾಡಾ? ನಮ್ಮಮ್ಮ. ಚಿಕ್ಕೋಳಿದ್ದಾಗ ಮಲಗಿಸೋಕೆ ಹೇಳ್ತಿದ್ರು. ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ?"

"ಯಾರಿಗೆ ಗೊತ್ತು?"

ವೆಂದುಲ ನನ್ನ ಕಡೆ ತಿರುಗಿದಳು. "ಹೆದ್ವಿಕ, ನಿಂಗೂ ಗೊತ್ತಿತ್ತಲ್ವೇನೇ?"

ನಾನು ಈ ಊರಿನಲ್ಲೇ ಹುಟ್ಟಿದವಳು. ಆ ಹಾಡನ್ನು ಅವಳ ಬಾಯಲ್ಲಲ್ಲದೆ ಬೇರೆಲ್ಲೂ ಕೇಳಿದವಳಲ್ಲ.

"ಅದನ್ನ ಕಟ್ಟಿದ್ದು ಮೀಲ ಚಿಕ್ಕಮ್ಮ," ಎಂದರು ಯಾರೊಮಿರ್. "ಮಕ್ಕಳಾಗಿ ಇಲ್ಲಿದ್ದಾಗ ನಮ್ಮನ್ನ ನೋಡ್ಕೋತಿದ್ದೋರು. ನಾವು ಏಳು ಜನ ಇದ್ವಿ. ಅದಕ್ಕೇ ಏಳು ಇಲಿ."

ಆಮೇಲೆ ಅವರು ಹೇಳಿದ್ದು ಹೆಚ್ಚಲ್ಲ. ಯುದ್ಧ ಮುಗಿದ ಮೇಲೆ ಕೋಟೆ ಸರ್ಕಾರದ ಕೈ ಸೇರಿತ್ತು. ಆಗ ಇಲ್ಲೊಂದು ಮಕ್ಕಳ ಆರೋಗ್ಯಧಾಮ ಇತ್ತೆಂಬುದು ನಮಗೂ ಗೊತ್ತು. ಬಿಳಿ ಅಂಗಿ ತೊಟ್ಟು ನಗುವ ಮಕ್ಕಳ ಚಿತ್ರವೊಂದು ನಮ್ಮ ಟಿಕೆಟ್ ಕೋಣೆಯ ಗೋಡೆಯಲ್ಲೇ ತೂಗುತ್ತದೆ. ಆರೋಗ್ಯಧಾಮ ಎಂಬುದು ಹೆಸರಿಗೆ ಮಾತ್ರವಂತೆ. ತಂದೆ ತಾಯಿ ಸರ್ಕಾರದ ವಿರೋಧಿಗಳೆಂದು ಜೈಲು ಸೇರಿದ್ದ ಮಕ್ಕಳನ್ನು ಅಲ್ಲಿ ತಂದಿಟ್ಟಿದ್ದರು. ಯಾರೊಮಿರ್‌ಗೆ ಆಗ ಒಂಬತ್ತು ವರ್ಷ. ಹಾಸಿಗೆ ಒದ್ದೆ ಮಾಡಿಕೊಂಡವರನ್ನು ಬೆಳಿಗ್ಗೆ ಎದ್ದೊಡನೆ ಒಂದು ಗಂಟೆ ಕಾಲ ಹಸಿವಿನ ಸೆರೆಯಲ್ಲಿ ಕೂಡಿಹಾಕುತ್ತಿದ್ದರು. ಅದು ಆಟವಲ್ಲ, ನಿರ್ದೇಶಕರು ಹಾಕಿದ ನಿಯಮ. ಬಾಗಿಲಾಚೆ ಮೀಲ ಚಿಕ್ಕಮ್ಮ ಕುಳಿತು ಗಂಟೆಯುದ್ದಕ್ಕೂ ಆ ಹಾಡು ಹೇಳುತ್ತಿದ್ದರು.

"ಫೆಬ್ರವರಿಲಿ ಒಂದು ದಿನ ಏಳು ಜನ ಒಳಗೆ ಹೋದ್ವಿ. ಆರು ಜನ ಹೊರಗೆ ಬಂದ್ವಿ. ಲಾದ್ಯ ಬರ್ಲಿಲ್ಲ. ಊಟದ ಹೊತ್ತಿಗೆ ಅವನ ಜಾಗ ಖಾಲಿ. ಅವನ ಮಾವ ಬಂದು ಮನೆಗೆ ಕರ್ಕೊಂಡು ಹೋದ ಅಂದ್ರು."

ಅವರು ವೆಂದುಲಳನ್ನು ದಿಟ್ಟಿಸಿ ನೋಡಿದರು.

"ನಿಮ್ಮ ತಾಯಿ ಬದುಕಿದಾರಾ?"

ವೆಂದುಲ ಹೌದೆಂದು ತಲೆಯಾಡಿಸಿದಳು. ಅವಳ ಮುಖದ ಪೌಡರು ಬೆವರಿಗೆ ಗೆರೆಗೆರೆಯಾಗಿ ಇಳಿದಿತ್ತು. "ನಮ್ಮಮ್ಮ ಶಿಶುವಿಹಾರದಲ್ಲಿ ಟೀಚರ್ ಆಗಿದ್ರು. ಈ ಊರಿಗೆ ಬಂದಿದ್ದೇ ಮದುವೆ ಆದ್ಮೇಲೆ. ಕೋಟೆಗೆ ಒಂದು ದಿನಾನೂ ಹತ್ತಿದೋರಲ್ಲ. ಮಂಡಿ ನೋವು ಅವರಿಗೆ. ನೀವು ಯಾರನ್ನೋ ಯಾರೋ ಅಂದ್ಕೊಂಡಿದೀರ."

"ಇರಬಹುದು," ಎಂದರು. "ಹಾಗೇ ಇರ್ಲಿ ದೇವ್ರೇ. ಆದ್ರೂ ಒಂದೇ ಒಂದು ಮಾತು ಕೇಳಿ ನೋಡಿ. ಲಾದ್ಯ ನಿಜವಾಗ್ಲೂ ಮನೆಗೆ ಹೋದ್ನಾ ಅಂತ. ನಾನು ಕೆಳಗೆ ಹೋಟೆಲಿನ ತೋಟದಲ್ಲಿ ಕಾಯ್ತಿರ್ತೀನಿ."

ಅವಳ ಮಣಿಕಟ್ಟು ಊದಿಕೊಂಡಿತ್ತು. ನಾನೇ ಕಾರು ಓಡಿಸಿದೆ. ಬಿಳಿ ನಿಲುವಂಗಿಯನ್ನು ಬದಲಿಸಬೇಕೆಂಬುದೂ ಅವಳಿಗೆ ತೋಚಲಿಲ್ಲ. ದಾರಿಯುದ್ದಕ್ಕೂ, "ಪಾಪ, ಮುದುಕರಿಗೆ ತಲೆ ಕೆಟ್ಟಿದೆ ಕಣೇ. ಅಮ್ಮ ನಕ್ಕುಬಿಡ್ತಾರೆ ನೋಡು," ಎಂದು ನಾಲ್ಕೈದು ಸಲ ಹೇಳಿದಳು.

ಅವಳ ತಾಯಿ ಲೂದ್ಮಿಲ ಅವರಿಗೆ ಎಂಬತ್ತು. ಊರೆಲ್ಲ ಅವರನ್ನು ಟೀಚರಮ್ಮ ಎಂದೇ ಕರೆಯುವುದು. ನನಗೂ ಅಕ್ಷರ ತಿದ್ದಿಸಿದವರು ಅವರೇ. ಅಡಿಗೆಮನೆಯ ಮೇಜಿನಲ್ಲಿ ಹುಳಿಚೆರ್ರಿ ಹಣ್ಣುಗಳನ್ನು ಹರವಿಕೊಂಡು, ತಲೆಪಿನ್ನಿನಿಂದ ಬೀಜ ತೆಗೆಯುತ್ತ ಕುಳಿತಿದ್ದರು. ಮಗಳ ವೇಷ ಕಂಡು ನಗತೊಡಗಿದರು.

"ಏನೇ ಇದು, ಹಾಡುಹಗಲೇ ದೆವ್ವ ಮನೆಗೇ ಬಂತಲ್ಲ! ಕೈಗೇನಾಯ್ತು? ಕೂತ್ಕೋ ಹೆದ್ವಿಕ, ಕೇಕ್ ಮಾಡ್ತೀನಿ."

"ಅಮ್ಮಾ," ಎಂದಳು ವೆಂದುಲ ನಿಂತಲ್ಲಿಂದಲೇ. "ಯಾರೊಮಿರ್ ಸ್ಲಾವಿಕ್ ಅಂತ ಒಬ್ಬರು ಬಂದಿದ್ರು. ಲಾದ್ಯ ಮನೆಗೆ ಹೋದ್ನಾ ಅಂತ ಕೇಳ್ಕೊಂಡು ಬಾ ಅಂದ್ರು."

ಯಾವ ಲಾದ್ಯ, ಯಾವ ಸ್ಲಾವಿಕ್ ಎಂದು ಟೀಚರಮ್ಮ ಕೇಳಬಹುದೆಂದು ನಾವಿಬ್ಬರೂ ಕಾದು ನಿಂತೆವು. ಅವರು ಕೈಯಲ್ಲಿದ್ದ ಹಣ್ಣಿನ ಬೀಜ ತೆಗೆದು ಬೋಗುಣಿಗೆ ಹಾಕಿದರು. ಇನ್ನೊಂದು ಹಣ್ಣು ತೆಗೆದುಕೊಂಡರು.

"ಯಾರೊಮಿರ್... ನಮ್ಮ ಯಾರೆಕ್," ಎಂದರು. "ಉದ್ದಕ್ಕೆ, ಕಡ್ಡಿ ಥರ ಇದ್ದ. ಬದುಕಿದಾನಾ?"

ವೆಂದುಲ ಕುರ್ಚಿಯ ಬೆನ್ನು ಹಿಡಿದುಕೊಂಡಳು. ನನ್ನ ಕೈಹಿಡಿದು ಅಕ್ಷರ ತಿದ್ದಿಸಿದ ಬೆರಳುಗಳೇ ಆ ಹಣ್ಣು ಹಿಡಿದಿದ್ದವು.

"ಅಂದ್ರೆ ನಿಜಾನಾ ಅಮ್ಮ? ಮೀಲ ಚಿಕ್ಕಮ್ಮ ಅಂದ್ರೆ ನೀನಾ?"

"ಇಪ್ಪತ್ತು ವರ್ಷ ಕಣೇ ನಂಗೆ. ಮಕ್ಕಳನ್ನ ನೋಡ್ಕೊಳೋ ಕೆಲಸ ಅಂದ್ರು, ಬಂದೆ. ಅಲ್ಲಿ ನೋಡಿದ್ರೆ ಆ ನಿರ್ದೇಶಕ. ಅವನ ಮಾತಿಗೆ ಎದುರಾಡೋರು ಯಾರು? ಒಂದ್ಸಲ ಹತ್ತು ನಿಮಿಷ ಮುಂಚೆ ಬಾಗಿಲು ತೆಗ್ದೆ. ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿನ್ನನ್ನೂ ಗಣಿ ಕೆಲಸಕ್ಕೆ ಕಳಿಸ್ತೀನಿ ಅಂದ. ನಾನೇನು ಮಾಡ್ಲಿ? ಮಕ್ಕಳಿಗೆ ಕತ್ತಲಲ್ಲಿ ಭಯ ಆಗ್ಬಾರ್ದು ಅಂತ ಹೊರಗೆ ಕೂತು ಹಾಡ್ತಿದ್ದೆ. ನಾನು ಅಲ್ಲೇ ಇದೀನಿ ಅಂತ ಗೊತ್ತಾಗ್ಲಿ ಅಂತ. ಬೇರೆಯವಳಾಗಿದ್ರೆ ಒಳಗೆ ಹೋಗಿ ಒಲೆ ಮುಂದೆ ಕೂರ್ತಿದ್ಲು."

"ಲಾದ್ಯ?"

"ಅವನಿಗೆ ಎದೆ ಸರಿ ಇರ್ಲಿಲ್ಲ. ಅವತ್ತು ಕೆಮ್ತಾನೇ ಇದ್ದ. ನಾನು ಹಾಡ್ತಾನೇ ಇದ್ದೆ. ಆಮೇಲೆ ಕೆಮ್ಮು ನಿಂತ್ಹೋಯ್ತು. ನಿದ್ದೆ ಬಂತು ಅಂದ್ಕೊಂಡೆ. ಸಮಾಧಾನ ಆಯ್ತು ನಂಗೆ."

ಬೋಗುಣಿಗೆ ಮತ್ತೊಂದು ಹಣ್ಣು ಬಿತ್ತು.

"ತೆಗೀಬಹುದಿತ್ತಲ್ಲ ಅಮ್ಮ," ಎಂದಳು ವೆಂದುಲ.

"ಹ್ಯಾಗೆ ತೆಗೀಲೇ? ಬೀಗದ ಕೈ ನಿರ್ದೇಶಕನ ಹತ್ರ ಇರ್ತಿತ್ತು."

ಮೇಲಿನ ಮನೆಯ ರೇಡಿಯೊದಲ್ಲಿ ಯಾರೋ ಹವಾಮಾನ ವರದಿ ಓದುತ್ತಿದ್ದರು.

"ಆ ಬಾಗಿಲಿಗೆ ಬೀಗ ಇಲ್ಲ ಅಮ್ಮ," ಎಂದಳು ವೆಂದುಲ ಕೊನೆಗೆ. "ಬೀಗ ಹಾಕೋ ತೂತೂ ಇಲ್ಲ. ಯಾವತ್ತೂ ಇರ್ಲಿಲ್ಲ. ಇರೋದು ಒಂದು ಅಗುಳಿ. ಅದೂ ಹೊರಗಡೆ. ದಿನಾ ನಾಲ್ಕು ಸಲ ಅದನ್ನ ನಾನೇ ಎಳೀತೀನಿ."

ಟೀಚರಮ್ಮನ ಕೈ ನಿಂತಿತು. ಬೆರಳುಗಳ ಸಂದಿಯಿಂದ ಹಣ್ಣಿನ ರಸ ಮೊಣಕೈವರೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಗಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅವರು ಸುಳ್ಳು ಹೇಳಿದಂತೆ ನನಗೆ ಆಗ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅಷ್ಟು ವರ್ಷ ಆ ಬಾಗಿಲಿಗೆ ಬೀಗವಿತ್ತೆಂದು ಅವರು ನಂಬಿಕೊಂಡೇ ಬದುಕಿದ್ದಿರಬೇಕು.

"ಅಗುಳಿ," ಎಂದರು ಮೆಲ್ಲಗೆ. "ಹೌದು. ಅಗುಳಿನೇ ಇದ್ದಿದ್ದು."

ಹುಡುಗನನ್ನು ಎಲ್ಲಿ ಹೂಳಿದರೆಂದು ವೆಂದುಲ ಕೇಳಿದಳು. ಊರ ಸ್ಮಶಾನದಲ್ಲೇ, ಉತ್ತರದ ಗೋಡೆಯ ಬಳಿ, ಹೆಸರು ಹಾಕದೆ ಎಂದರು. ಅದಕ್ಕಿಂತ ಹೆಚ್ಚು ಕೇಳಲು ಅವಳಿಂದ ಆಗಲಿಲ್ಲ. ಹೊರಗೆ ಬಂದು ಕಾರಿನಲ್ಲಿ ಕುಳಿತು, ಹೋಟೆಲಿಗೆ ನಡಿ ಎಂದಳು.

ಹೋಟೆಲಿನ ತೋಟದಲ್ಲಿ ಅನೆಷ್ಕ ಕರಿದ ಚೀಸು ತಿನ್ನುತ್ತಿದ್ದಳು. ತಾತ ಮುಟ್ಟದ ಬಿಯರ್ ಮುಂದಿಟ್ಟುಕೊಂಡಿದ್ದರು. ನಾನು ಮಗುವನ್ನು ಜೋಕಾಲಿಯ ಕಡೆ ಕರೆದೊಯ್ದೆ, ಆದರೆ ವೆಂದುಲ ಹೇಳುವುದು ಕೇಳುತ್ತಿತ್ತು. ಅವಳು ಏನೂ ಬಚ್ಚಿಡಲಿಲ್ಲ. ಕೆಮ್ಮು, ಹಾಡು, ಬೀಗ, ಅಗುಳಿ, ಎಲ್ಲ ಹೇಳಿದಳು.

ಯಾರೊಮಿರ್ ಕೂಗಾಡಲಿಲ್ಲ. ಎಡಗೈಯನ್ನು ಬಲಹೆಗಲ ಮೇಲಿಟ್ಟು ಅಲ್ಲಿ ಉಜ್ಜಿಕೊಳ್ಳುತ್ತ ಕುಳಿತರು.

"ನಮಗೆ ಅವನ ಮೇಲೆ ಹೊಟ್ಟೆಕಿಚ್ಚು," ಎಂದರು. "ನಮ್ಮಲ್ಲಿ ಅವನೊಬ್ಬನೇ ಮನೆಗೆ ಹೋದ ಅಂತ. ವಾರಗಟ್ಟಲೆ ಬೈಕೊಂಡ್ವಿ. ಅವನು ನನ್ನ ಹೆಗಲ ಮೇಲೆ ತಲೆ ಇಟ್ಟಿದ್ದ. ಭಾರ ಆಗಿತ್ತು. ಬಾಗಿಲು ತೆಗೆದ ಕೂಡ್ಲೇ ತಲೇನ ಆಚೆ ತಳ್ಳಿ ಓಡಿದೆ. ನಿದ್ದೆ ಮಾಡ್ತಿದಾನೆ ಅಂತಾನೇ ಅಂದ್ಕೊಂಡಿದ್ದೆ ನಾನೂ."

ವೆಂದುಲ ಅವರ ಕೈ ಹಿಡಿಯಲು ಹೋಗಿ, ತನಗೆ ಆ ಹಕ್ಕಿಲ್ಲವೆಂದು ತೋರಿದಂತೆ ಹಿಂದೆಗೆದಳು. ಅವರೇ ಅವಳ ಊದಿದ ಮಣಿಕಟ್ಟನ್ನು ನೋಡಿ, "ಜೋರಾಗಿ ತಳ್ಳಿಬಿಟ್ಟೆ. ಡಾಕ್ಟರಿಗೆ ತೋರಿಸಿ," ಎಂದರು. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆ ಮಾತಿಗೆ ಅತ್ತುಬಿಟ್ಟಳು.

ಮೂರು ದಿನ ಬಿಟ್ಟು ಟೀಚರಮ್ಮ ಸ್ಮಶಾನಕ್ಕೆ ಬಂದು ಜಾಗ ತೋರಿಸಿದರು. ತಾವಾಗಿಯೇ ಬರುತ್ತೇನೆಂದರು. ಎರಡು ಕೋಲು ಹಿಡಿದು, ಸಾಲು ಸಾಲು ಗೋರಿಗಳನ್ನು ದಾಟಿ, ನೀರಿನ ನಲ್ಲಿಯಿರುವ ಮೂಲೆಗೆ ನಡೆದರು. ಊರವರು ಗೋರಿಯ ಹೂಗಳಿಗೆ ನೀರು ಹಿಡಿಯುವ ಜಾಗ ಅದು. ಅಲ್ಲಿ ಒಂದು ಕೋಲನ್ನು ನೆಲಕ್ಕೆ ಊರಿದರು.

ಅಪ್ಪನ ಗೋರಿಗೆಂದು ಎಷ್ಟು ವರ್ಷಗಳಿಂದ ನಾನು ಅಲ್ಲೇ, ಆ ಹುಲ್ಲನ್ನೇ ಮೆಟ್ಟಿಕೊಂಡು ಕೊಡ ತುಂಬಿಸಿದ್ದೆ!

ಯಾರೊಮಿರ್ ಟೋಪಿ ತೆಗೆದು ನಿಂತಿದ್ದರು. ಟೀಚರಮ್ಮ, "ಯಾರೆಕ್, ನಾನು..." ಎಂದು ಬಾಯಿ ತೆರೆದರು.

"ಬೇಡ," ಎಂದರು ಯಾರೊಮಿರ್. "ಜಾಗ ತೋರಿಸಿದ್ರಿ. ಅಷ್ಟು ಸಾಕು."

ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ನಿರ್ದೇಶಕ ಸತ್ತು ಮೂವತ್ತು ವರ್ಷವಾಗಿತ್ತು. ಕಡತ ಮುಚ್ಚಿದೆವೆಂದು ಒಂದು ಕಾಗದ ಬಂತು. ಊರಿನಲ್ಲಿ ಕೆಲವರು ವೆಂದುಲಳನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ಇನ್ನು ಕೆಲವರು, "ಸತ್ತ ಕಥೆ ಕೆದಕಿ ಹೆತ್ತ ತಾಯಿಯ ಮಾನ ಕಳೆದ್ಲಲ್ಲ," ಎಂದರು. ಅವಳು ಬಿಳಿ ವೇಷ ಬಿಟ್ಟಳು, ಸುತ್ತು ಬಿಡಲಿಲ್ಲ. ದೊರೆಯ ಕಕ್ಕಸಿನ ಮಾತಿಗೆ ಮಕ್ಕಳು ಈಗಲೂ ನಗುತ್ತವೆ. ಗೋಪುರದ ಬಾಗಿಲನ್ನು ಮಾತ್ರ ಅವಳು ಮುಚ್ಚುವುದಿಲ್ಲ. ಮಕ್ಕಳನ್ನು ಹೊರಗೇ ನಿಲ್ಲಿಸಿ, ಇಲ್ಲಿ ಏಳು ವರ್ಷದ ಒಬ್ಬ ಹುಡುಗನಿದ್ದ ಎಂದು ಹೇಳುತ್ತಾಳೆ. ತಂದೆ ತಾಯಿಗಳ ದೂರು ಬಂದಾಗ ನಾನೇ ತೆಗೆದಿಡುತ್ತೇನೆ, ಮೇಲ್ವಿಚಾರಕರಿಗೆ ಕೊಡುವುದಿಲ್ಲ.

ಭಾನುವಾರಗಳಲ್ಲಿ ತಾಯಿಗೆ ಊಟ ಒಯ್ಯುವುದನ್ನೂ ಅವಳು ನಿಲ್ಲಿಸಲಿಲ್ಲ. "ಎದುರಿಗೆ ಕೂತು ತಿನ್ನೋಕೆ ಆಗಲ್ಲ ಕಣೇ. ಬಡಿಸಿ ಪಾತ್ರೆ ತೊಳೀತಾ ನಿಂತ್ಕೋತೀನಿ," ಎಂದು ಒಮ್ಮೆ ಹೇಳಿದ್ದಳು.

ಅಕ್ಟೋಬರಿನಲ್ಲಿ ನಲ್ಲಿಯನ್ನು ಬೇರೆ ಕಡೆಗೆ ಸರಿಸಿ, ಅಲ್ಲಿ ಲಾದಿಸ್ಲಾವ್ ವೋಂದ್ರ ಎಂದು ಕೆತ್ತಿದ ಕಲ್ಲು ನೆಟ್ಟರು. ಪೂರ್ತಿ ಹೆಸರು ಹೇಳಿದ್ದು ಟೀಚರಮ್ಮ. ಆ ಹೆಸರು ಹಿಡಿದು ಯಾರೊಮಿರ್ ಎಲ್ಲೆಲ್ಲಿಗೋ ಬರೆದು, ಹುಡುಗನ ಅಕ್ಕನನ್ನು ಪತ್ತೆ ಮಾಡಿದ್ದರು. ಆಕೆಯ ಹೆಸರು ಬೊಝೆನ, ಎಪ್ಪತ್ತು ದಾಟಿದವರು, ದೂರದ ಗಣಿಯೂರಿನಿಂದ ಎರಡು ರೈಲು ಬದಲಿಸಿ ಬಂದಿದ್ದರು. ತಮ್ಮ ಯಾವುದೋ ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತನೆಂದು ಅವರ ಮನೆಗೆ ತಿಳಿಸಿದ್ದರಂತೆ. ಬೊಝೆನ ಕಲ್ಲಿನ ಮೇಲೆ ಕೈಯಾಡಿಸಿ ವೆಂದುಲಳ ಬಳಿ ಬಂದರು.

"ನಿಮ್ಮ ತಾಯಿ ಬಂದಿದಾರಾ?"

ಟೀಚರಮ್ಮ ಸ್ಮಶಾನದ ಗೇಟಿನ ಬಳಿ ನನ್ನ ಕಾರಿನಲ್ಲಿ ಕುಳಿತಿದ್ದರು. ಇಳಿಯಲೊಲ್ಲೆ ಎಂದಿದ್ದರು. ವೆಂದುಲ ಕಾರಿನತ್ತ ಕೈ ತೋರಿಸಿದಳು. ಬೊಝೆನ ಹೋಗಿ ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕುಳಿತರು. ಗಾಜಿನಾಚೆ ಎರಡು ಬಿಳಿತಲೆಗಳು ಕಾಣುತ್ತಿದ್ದವು. ಯಾರು ಮಾತಾಡುತ್ತಿದ್ದರು, ಯಾರು ಕೇಳುತ್ತಿದ್ದರು ತಿಳಿಯಲಿಲ್ಲ. ಯಾರೊಮಿರ್ ಆ ಕಡೆ ಬೆನ್ನು ಹಾಕಿ ನಿಂತಿದ್ದರು. ಇಪ್ಪತ್ತು ನಿಮಿಷದ ಮೇಲೆ ಬೊಝೆನ ಇಳಿದರು.

ಸಂಜೆಯ ರೈಲಿಗೆ ಅವರನ್ನು ನಾನೇ ನಿಲ್ದಾಣಕ್ಕೆ ಬಿಟ್ಟೆ. ಅರ್ಧ ದಾರಿ ಸಾಗಿದೆವು. ಆಮೇಲೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು.

"ನಮ್ಮ ಲಾದ್ಯಂಗೆ ಗಸಗಸೆ ಬನ್ನು ಅಂದ್ರೆ ಪ್ರಾಣ. ಅದನ್ನ ಅವರಿಗೆ ಹೇಳೋಣ ಅಂತ ಹೋದೆ. ನಾನು ಹೇಳೋಕೆ ಮುಂಚೆ ಅವರೇ ಹೇಳಿದ್ರು."